ಆಸ್ಟಿಯೋಪತಿ: ಮುಟ್ಟಿನ ನೋವು, ಬಾಣಂತಿ ಸೊಂಟ, ಅತ್ತೆಯ ಬೆನ್ನು ಎಲ್ಲಕ್ಕೂ ಒಂದೇ ಪ್ಯಾಕೇಜಾ?

ಸಾಗರದ_ಸೊಸೆ
ಸ್ವಲ್ಪ ಉದ್ದದ ಪ್ರಶ್ನೆ, ಪೂರ್ತಿ ಓದಿ ಹೇಳಿ.

ಎರಡನೇ ಹೆರಿಗೆ ಆಗಿ ಎಂಟು ತಿಂಗಳಾಗ್ತಾ ಬಂತು. ನಾರ್ಮಲ್ ಹೆರಿಗೆ. ಮಗೂನ ಎತ್ಕೊಂಡು ನೆಲದಿಂದ ಎದ್ದರೆ ಸೊಂಟದ ಕೆಳಗೆ ಬಲಗಡೆ ಚುಳ್ ಅನ್ನತ್ತೆ. ಸ್ಕೂಟರಿಗೆ ಡಬಲ್ ಸ್ಟ್ಯಾಂಡ್ ಹಾಕೋದಂತೂ ಬಿಟ್ಟೇಬಿಟ್ಟಿದೀನಿ. ಇನ್ನೊಂದು ಹೇಳೋಕೆ ಸಂಕೋಚ, ಇಲ್ಲಿ ಯಾರಿಗೂ ನನ್ನ ಮುಖ ಗೊತ್ತಿಲ್ಲ ಅನ್ನೋ ಧೈರ್ಯದಲ್ಲಿ ಹೇಳ್ತೀನಿ: ಜೋರಾಗಿ ಸೀನಿದ್ರೆ ಒಂದೆರಡು ಹನಿ ಮೂತ್ರ ಬಿದ್ದೇ ಬೀಳತ್ತೆ. ಡಾಕ್ಟರಿಗೆ ಹೇಳಿದ್ದಕ್ಕೆ "ಎರಡು ಹೆತ್ತ ಮೇಲೆ ಇದೆಲ್ಲ ಇದ್ದಿದ್ದೇ" ಅಂತ ಕ್ಯಾಲ್ಸಿಯಂ ಬರೆದು ಕಳಿಸಿದ್ರು.

ಕಳೆದ ಭಾನುವಾರ ನಮ್ಮ ಅಪಾರ್ಟ್‌ಮೆಂಟಲ್ಲಿ ಒಂದು ಕ್ಲಿನಿಕ್‌ನವರು ಕ್ಯಾಂಪ್ ಹಾಕಿದ್ರು. ಆಸ್ಟಿಯೋಪತಿ ಅಂತೆ. ಔಷಧಿ ಇಲ್ಲ, ಕೈಯಲ್ಲೇ ಒತ್ತಿ, ಎಳೆದು, ತಿರುಗಿಸಿ ಸರಿ ಮಾಡ್ತಾರಂತೆ. ಕರಪತ್ರದಲ್ಲಿ "ಮೈನೆರೆದಾಗಿನಿಂದ ಮುಟ್ಟು ನಿಲ್ಲುವವರೆಗೆ ಹೆಣ್ಣಿನ ಆರೋಗ್ಯ" ಅಂತ ದೊಡ್ಡದಾಗಿ ಬರೆದು ಕೆಳಗೆ ಮುಟ್ಟಿನ ನೋವು, ಪಿಸಿಓಡಿ, ಮಕ್ಕಳಾಗದಿರೋದು, ಬಸುರಿ ಬೆನ್ನು ನೋವು, ಬಾಣಂತಿ ಸೊಂಟ, ಮೆನೋಪಾಸ್ ಎಲ್ಲ ಪಟ್ಟಿ ಹಾಕಿದಾರೆ. ಹತ್ತು ಸಿಟ್ಟಿಂಗ್ ಪ್ಯಾಕೇಜ್ ತಗೊಂಡ್ರೆ ಮನೆಯ ಇನ್ನೊಬ್ಬ ಹೆಂಗಸಿಗೆ ಅರ್ಧ ರೇಟು.

ಅತ್ತೆಗೆ 64, ಬೆನ್ನು ಸ್ವಲ್ಪ ಬಾಗಿದೆ, "ನಂಗೂ ಒಂದ್ಸಲ ಎಳೆಸು" ಅಂತಿದಾರೆ. ನಾದಿನಿ ಮಗಳು ಪಿಯುಸಿ ಓದೋಕೆ ನಮ್ಮನೇಲೇ ಇದಾಳೆ. ಮುಟ್ಟಾದ ಮೊದಲ ದಿನ ಅವಳು ಕಾಲೇಜಿಗೆ ಹೋಗಲ್ಲ, ಹಾಸಿಗೆ ಬಿಟ್ಟು ಏಳಲ್ಲ. ಮೂರು ಜನಕ್ಕೂ ಸೇರಿಸಿ ದುಡ್ಡು ಕಟ್ಟೋದಾ ಬೇಡ್ವಾ? ನಮ್ಮೋರು "ಗೂಗಲ್ ಮಾಡು" ಅಂದ್ರು, ಮಾಡಿದೆ, ತಲೆ ಕೆಟ್ಟೋಯ್ತು. ಮಾಡಿಸ್ಕೊಂಡಿರೋರು ಹೇಳಿ.

ಚಾಲೆಂಜ್_ಮಂಜ
ಅರ್ಧ ರೇಟು ಅಂದ ತಕ್ಷಣ ಎದ್ದು ಓಡಿ. ಬಾಗಿದ ಬೆನ್ನಲ್ಲೇ ಓಡಿ.

ಗೊಜ್ಜವಲಕ್ಕಿ
ಮಂಜಣ್ಣ ಶುರು ಹಚ್ಕೊಂಡ್ರು. ಅಕ್ಕ, ನಾನು ಬಸುರಿ ಆಗಿದ್ದಾಗ ಮಾಡಿಸ್ಕೊಂಡಿದೀನಿ, ಏಳನೇ ತಿಂಗಳಲ್ಲಿ. ಬೆಂಗಳೂರಲ್ಲೇ. ನಿಜವಾಗ್ಲೂ ಆರಾಮ ಆಯ್ತು. ರಾತ್ರಿ ಮಗ್ಗುಲು ಬದಲಾಯಿಸೋಕೆ ಗಂಡನ್ನ ಎಬ್ಬಿಸ್ಬೇಕಾಗಿತ್ತು, ಆಮೇಲೆ ನಾನೇ ತಿರುಗ್ತಿದ್ದೆ. ಎಲ್ಲಾನೂ ಮೋಸ ಅನ್ಬೇಡಿ.

ಪಕ್ಕದ್ಮನೆ_ಫಿಸಿಯೋ
ನಾನು ಫಿಸಿಯೋಥೆರಪಿಸ್ಟ್, ಹಾಗಾಗಿ ನನ್ನ ಮಾತಿಗೆ ಸ್ವಲ್ಪ ಉಪ್ಪು ಹಾಕ್ಕೊಂಡೇ ಓದಿ.

ಸಾಗರದ_ಸೊಸೆಯವರೇ, ನೀವು ಕೇಳಿರೋದು ಮೂರು ಬೇರೆ ಬೇರೆ ಪ್ರಶ್ನೆ. ಕ್ಲಿನಿಕ್‌ನವರು ಅದನ್ನ ಒಂದೇ ಚೀಲಕ್ಕೆ ತುಂಬಿ ಕೊಟ್ಟಿದಾರೆ.

ನಿಮ್ಮ ಸೊಂಟ: ಬಸಿರು, ಹೆರಿಗೆ ಆದವರಲ್ಲಿ ಸೊಂಟದ ಹಿಂದಿನ ಕೀಲಿನ ಸುತ್ತ ಇಂಥ ನೋವು ತುಂಬಾ ಸಾಮಾನ್ಯ. ಇಲ್ಲಿ ಕೈಚಿಕಿತ್ಸೆ ಸ್ವಲ್ಪ ಮಟ್ಟಿಗೆ ಉಪಯೋಗಕ್ಕೆ ಬರತ್ತೆ. ಆಸ್ಟಿಯೋಪತ್ ಮಾಡ್ಲಿ, ನಾವು ಮಾಡ್ಲಿ. ಆದ್ರೆ ಬರೀ ಮಲಗಿಸಿ ಒತ್ತಿಸ್ಕೊಂಡು ಬಂದ್ರೆ ಸಾಲಲ್ಲ, ಪೃಷ್ಠದ್ದು, ಹೊಟ್ಟೇದು ಸ್ನಾಯು ಗಟ್ಟಿ ಆಗೋ ವ್ಯಾಯಾಮ ಜೊತೆಗೇ ನಡೀಬೇಕು. ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಕೆಳಬೆನ್ನು ನೋವಿಗೆ ಕೊಟ್ಟ ಮಾರ್ಗಸೂಚಿಯಲ್ಲೂ ಅದೇ ಇದೆ: ಕೈಚಿಕಿತ್ಸೆ ಕೊಡೋದಾದ್ರೆ ವ್ಯಾಯಾಮ ಸೇರಿದ ಚಿಕಿತ್ಸೆಯ ಭಾಗವಾಗಿ ಮಾತ್ರ ಕೊಡಿ.

ಹನಿ ಬೀಳೋದು: ಇದಕ್ಕೆ ಬೆನ್ನು ಲಟಕ್ ಅನ್ನಿಸಿದ್ರೆ ಏನೂ ಆಗಲ್ಲ. ಪೆಲ್ವಿಕ್ ಫ್ಲೋರ್, ಅಂದ್ರೆ ಮೂತ್ರಕೋಶ, ಗರ್ಭಕೋಶನ ಕೆಳಗಿಂದ ಹಿಡಿದಿರೋ ಸ್ನಾಯು, ಅದರ ವ್ಯಾಯಾಮವೇ ಮೊದಲ ಚಿಕಿತ್ಸೆ. ಕಲಿಸೋರ ಉಸ್ತುವಾರಿಯಲ್ಲಿ ಕಮ್ಮಿ ಅಂದ್ರೂ 3 ತಿಂಗಳು, ದಿನಕ್ಕೆ 3 ಸಲ, ಸಲಕ್ಕೆ 8 ಬಾರಿಯಾದ್ರೂ ಬಿಗಿ ಹಿಡಿದು ಬಿಡೋದು. "ಇದ್ದಿದ್ದೇ" ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ. ಸಾಮಾನ್ಯ ಅನ್ನೋದು ಬೇರೆ, ಸಹಿಸ್ಕೊಂಡಿರ್ಬೇಕು ಅನ್ನೋದು ಬೇರೆ.

ಅತ್ತೆ: ಮೂಳೆ ಸಾಂದ್ರತೆ ನೋಡೋ ಡೆಕ್ಸಾ ಸ್ಕ್ಯಾನ್ ಆಗೋವರೆಗೂ ಯಾರ ಕೈಗೂ ಬೆನ್ನು ಕೊಡಿಸ್ಬೇಡಿ. ಆ ಹುಡುಗಿ ವಿಷಯಕ್ಕೆ ಆಮೇಲೆ ಬರ್ತೀನಿ, ಪೇಷೆಂಟ್ ಬಂದ್ರು.

ಧಾರವಾಡ_ಪೇಡಾ
ನಮ್ಮ ಕಡೆ ಇದಕ್ಕೆಲ್ಲ ಕ್ಲಿನಿಕ್ ಬೇಕಾಗಿದ್ದಿಲ್ರೀ. ಬೆನ್ನ ಉಳುಕಿತು ಅಂದ್ರ ಕಾಲು ಮುಂದ ಮಾಡಿ ಹುಟ್ಟಿದವರನ್ನ ಕರಕೊಂಡ ಬಂದು ಬೆನ್ನ ಮ್ಯಾಲ ಕಾಲು ಇಡಿಸೋದು. ನಮ್ಮ ಓಣ್ಯಾಗ ಒಬ್ಬಾಕಿ ಇದ್ಲು, ಪಾಪ, ಆಕಿ ಶಾಲಿಗೆ ಹೋಗೂ ಮುಂದ ದಿನಾ ಯಾರರೆ ಒಬ್ಬರು ಬಾಗಲಾಗ ಬೋರಲ ಮಲಗಿರ್ತಿದ್ರು.

ಚಾಲೆಂಜ್_ಮಂಜ
ಅವಳದ್ದು ಎಷ್ಟು ಸಿಟ್ಟಿಂಗ್ ಪ್ಯಾಕೇಜು?

ಧಾರವಾಡ_ಪೇಡಾ
ಒಂದು ಒದಿಕಿ, ಒಂದು ಚಾ. ಅಷ್ಟ.

ಕುಡ್ಲದ_ಬಂಗುಡೆ
ನಗಾಡ್ಬೇಡಿ ಮಾರಾಯ್ರೆ, ನಮ್ಮಲ್ಲಿ ಒನಕೆ ಉರುಳಿಸುದು ಈಗಲೂ ಉಂಟು. ನನ್ನ ಅಮ್ಮ ಮೂಳೆ ಡಾಕ್ಟ್ರ ಹತ್ರ ಹೋಗುವ ಮೊದಲು ಒನಕೆಯ ಹತ್ರ ಹೋಗಿ ಬರ್ತಾರೆ.

ಲೆಸ್ಟರ್_ಕನ್ನಡತಿ
ನಾನಿರೋದು ಇಂಗ್ಲೆಂಡಲ್ಲಿ. ಇಲ್ಲಿ ಆಸ್ಟಿಯೋಪತಿ ಕಾಯ್ದೆ ಪ್ರಕಾರ ನಡೆಯೋ ವೃತ್ತಿ, ಬೀದಿಬದಿ ವ್ಯವಹಾರ ಅಲ್ಲ. 1993ರಲ್ಲೇ ಸಂಸತ್ತು ಕಾಯ್ದೆ ಮಾಡಿದೆ. ಜನರಲ್ ಆಸ್ಟಿಯೋಪಥಿಕ್ ಕೌನ್ಸಿಲ್ಲಿನ ಪಟ್ಟೀಲಿ ಹೆಸರಿಲ್ಲದೆ ಯಾರಾದ್ರೂ ತಾನು ಆಸ್ಟಿಯೋಪತ್ ಅಂತ ಬೋರ್ಡ್ ಹಾಕಿದ್ರೆ ಅದು ಅಪರಾಧ. ನಾಲ್ಕೈದು ವರ್ಷ ಓದಬೇಕು. ಹೆಸರು ಹಾಕಿ ಆನ್‌ಲೈನಲ್ಲೇ ನೋಡಬಹುದು.

ನಾನು ಹೋಗಿದ್ದು ಮಗಳು ಹೊಟ್ಟೇಲಿದ್ದಾಗ. ಜಿಪಿ (ಇಲ್ಲಿನ ಫ್ಯಾಮಿಲಿ ಡಾಕ್ಟರು) ಹತ್ರ ಹೋದ್ರೆ ಪ್ಯಾರಸಿಟಮಾಲ್, ಎನ್‌ಎಚ್‌ಎಸ್ ಅಂದ್ರೆ ಸರ್ಕಾರಿ ಆರೋಗ್ಯ ಸೇವೆಯ ಫಿಸಿಯೋಗೆ ಕಾಯೋ ಪಟ್ಟಿ ಉದ್ದ, ಅಷ್ಟರಲ್ಲಿ ಹೆರಿಗೆಯೇ ಆಗೋಗ್ತಿತ್ತು. ಕೈಯಿಂದ ದುಡ್ಡು ಕೊಟ್ಟು ಹೋದೆ. ಆಯಮ್ಮ ಮೊದಲ ಅರ್ಧ ಗಂಟೆ ನನ್ನ ಮೈ ಮುಟ್ಟಲೇ ಇಲ್ಲ. ಬರೀ ಕೇಳಿದ್ಲು. ರಕ್ತಸ್ರಾವ ಇದ್ಯಾ, ಬಿಪಿ ಎಷ್ಟು, ಮಗು ಆಡ್ತಿದ್ಯಾ, ಕಾಲು ಜೋಮು ಹಿಡಿಯತ್ತಾ, ಮೂತ್ರ ಬಂದಿದ್ದು ಗೊತ್ತಾಗತ್ತಾ, ಮೊದಲ ಹೆರಿಗೆ ಹೆಂಗಾಯ್ತು. ಆಮೇಲೆ ಗೋಡೆ ಹಿಡಿದು ಒಂದೊಂದೇ ಕಾಲಲ್ಲಿ ನಿಲ್ಲಿಸಿದ್ಲು. ಎಡಕ್ಕೆ ಮಗ್ಗುಲಾಗಿ ಮಲಗಿಸಿ ಮಂಡಿ ಮಧ್ಯೆ ಒಂದು ದಿಂಬು, ಹೊಟ್ಟೆ ಕೆಳಗೊಂದು ದಿಂಬು. ಮೊಣಕೈಯಿಂದ ಪೃಷ್ಠದ ಮೇಲೆ ನಿಧಾನ ಒತ್ತಿದ್ಲು, ಮಂಡಿಗೆ ಅಂಗೈ ಆನಿಸಿ "ನನ್ನ ಕೈಯನ್ನ ತಳ್ಳು, ಹಿಡಿ, ಬಿಡು" ಅಂದ್ಲು. ಬಿಟ್ಟ ಕೂಡ್ಲೇ ಕಾಲು ಇನ್ನಷ್ಟು ಸಲೀಸಾಗಿ ಹೋಯ್ತು. ಲಟಕ್ ಪಟಕ್ ಅನ್ನೋದು ಏನೂ ಇಲ್ಲ. ಬರೋವಾಗ ಮನೇಲಿ ಮಾಡೋ ಎರಡು ವ್ಯಾಯಾಮ ಹೇಳಿಕೊಟ್ಲು, ಮುಂದಿನ ಸಲ ಹೋದಾಗ "ಮಾಡಿ ತೋರಿಸು" ಅಂದ್ಲು. ನಾನು ಮಾಡಿರ್ಲಿಲ್ಲ, ಅದು ಬೇರೆ ಕಥೆ.

ಇಲ್ಲೂ ಒಂದು ಎಚ್ಚರಿಕೆ ಇದೆ. ಜಾಹೀರಾತು ನೋಡ್ಕೊಳ್ಳೋ ಸಂಸ್ಥೆ ಇಲ್ಲಿನ ಆಸ್ಟಿಯೋಪತ್‌ಗಳಿಗೆ ಹೇಳಿಬಿಟ್ಟಿದೆ: ಬಸುರಿಯರ ಬೆನ್ನು ನೋವಿಗೆ ಆರಾಮ ಕೊಡ್ತೀವಿ ಅನ್ನಿ ಪರವಾಗಿಲ್ಲ, ಆಧಾರ ಇಲ್ಲದೆ ಬಸುರಿಗೇ ಅಂತ ಇರೋ ಕಾಯಿಲೆ ವಾಸಿ ಮಾಡ್ತೀವಿ ಅನ್ನೋ ಹಂಗಿಲ್ಲ. ನಿಮ್ಮ ಕರಪತ್ರ ಇಲ್ಲಿ ಹಂಚಿದ್ರೆ ದೂರು ಹೋಗ್ತಿತ್ತು.

ಮಿಚಿಗನ್_ಮಾವ
ಅಮೆರಿಕದಲ್ಲಿ ಕಥೆಯೇ ಬೇರೆ. ಇಲ್ಲಿ ಡಿ.ಓ. (ಡಾಕ್ಟರ್ ಆಫ್ ಆಸ್ಟಿಯೋಪಥಿಕ್ ಮೆಡಿಸಿನ್) ಅಂದರೆ ಪೂರ್ಣ ಪ್ರಮಾಣದ ವೈದ್ಯರು. ಔಷಧಿ ಬರೆಯುತ್ತಾರೆ, ಶಸ್ತ್ರಚಿಕಿತ್ಸೆ ಮಾಡುತ್ತಾರೆ, ಹೆರಿಗೆ ಮಾಡಿಸುತ್ತಾರೆ. ನನ್ನ ಸೊಸೆಯ ಹೆರಿಗೆ ಮಾಡಿಸಿದವರು ಡಿ.ಓ. ಈಗ ಇಲ್ಲಿ ವೈದ್ಯಕೀಯ ಓದುತ್ತಿರುವವರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಈ ಕಾಲೇಜುಗಳವರು. ಇದನ್ನೆಲ್ಲ ಶುರುಮಾಡಿದ ಆಂಡ್ರೂ ಟೇಲರ್ ಸ್ಟಿಲ್ ಮಿಸೌರಿಯ ಡಾಕ್ಟರು. 1864ರಲ್ಲಿ ಮೆದುಳುಜ್ವರ ಬಂದು ಅವರ ಮೂವರು ಮಕ್ಕಳು ತೀರಿಹೋದರು, ಆಗಿನ ಔಷಧಿಗಳಿಂದ ಏನೂ ಆಗಲಿಲ್ಲ. ಅಲ್ಲಿಂದ ಔಷಧಿಯ ಮೇಲೇ ನಂಬಿಕೆ ಹೋಯಿತು. 1892ರಲ್ಲಿ ಕರ್ಕ್ಸ್‌ವಿಲ್ ಎಂಬಲ್ಲಿ ಶಾಲೆ ತೆರೆದರು. ಮೊದಲ ತರಗತಿಯಲ್ಲೇ ಹೆಂಗಸರನ್ನೂ ಸೇರಿಸಿಕೊಂಡರು, ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಹಳೇಮೈಸೂರು_ಸೀಬೆ
ಮಾವ, ನಿಮ್ಮ ಸೊಸೆಯ ಹೆರಿಗೆ ಡಾಕ್ಟರಿಗೂ ಇವರ ಅಪಾರ್ಟ್‌ಮೆಂಟ್ ಕ್ಯಾಂಪಿಗೂ ಏನು ಸಂಬಂಧ? ಇದೇ ಗೊಂದಲದಲ್ಲಿ ತಾನೇ ಇಲ್ಲಿ ಎಲ್ಲರೂ ಹಣ ಮಾಡ್ತಿರೋದು. ಅಮೆರಿಕದ ಡಾಕ್ಟರ ಹೆಸರು ಮುಂದಿಟ್ಟು ವಾರಾಂತ್ಯದ ಕೋರ್ಸ್ ಮಾಡಿದೋರು ಬೆನ್ನು ಮುರೀತಾರೆ.

ಮಿಚಿಗನ್_ಮಾವ
ಸಂಬಂಧ ಇಲ್ಲ ಅಂತಲೇ ಹೇಳಲು ಬರೆದೆ ತಾಯಿ. ಪೂರ್ತಿ ಓದುವ ಅಭ್ಯಾಸ ಮಾಡಿಕೊಳ್ಳಿ.

ಹಳೇಮೈಸೂರು_ಸೀಬೆ
ಪೂರ್ತಿ ಓದಿದೆ, ಎಲ್ಲೂ ಹಂಗೆ ಬರೆದಿಲ್ಲ.

ನಿರ್ವಾಹಕ
ಇಬ್ಬರೂ ಬಿಡಿ. ವಿಷಯಕ್ಕೆ ಬನ್ನಿ.

ರಾತ್ರಿಪಾಳಿ
ಹೆರಿಗೆ ವಾರ್ಡಿನ ನರ್ಸ್ ನಾನು. ಎರಡು ಮಾತು.

ಒಂದು, ಬಸುರಿಯರ ಮೇಲೆ ಇದರ ದೊಡ್ಡ ಪ್ರಯೋಗ ಅಂದ್ರೆ ಟೆಕ್ಸಾಸಿನದ್ದು, 2015ರಲ್ಲಿ ಬಂತು. ಕೊನೇ ಮೂರು ತಿಂಗಳಲ್ಲಿದ್ದ 400 ಹೆಂಗಸರು. ಒಂದು ಗುಂಪಿಗೆ ಮಾಮೂಲಿ ಆರೈಕೆ ಜೊತೆ ಆಸ್ಟಿಯೋಪತಿ, ಇನ್ನೊಂದಕ್ಕೆ ಮಾಮೂಲಿ ಆರೈಕೆ ಜೊತೆ ಸುಮ್ಮನೆ ಅಲ್ಟ್ರಾಸೌಂಡ್ ಯಂತ್ರ ಆಡಿಸೋ ನಾಟಕ, ಮೂರನೇದಕ್ಕೆ ಮಾಮೂಲಿ ಆರೈಕೆ ಮಾತ್ರ. ಆಸ್ಟಿಯೋಪತಿ ಗುಂಪಿಗೆ ಮಾಮೂಲಿ ಗುಂಪಿಗಿಂತ ನೋವು ಕಮ್ಮಿ, ಓಡಾಟ ಸಲೀಸು. ಆದ್ರೆ ನಾಟಕದ ಗುಂಪಿಗೂ ಅದಕ್ಕೂ ಹೇಳಿಕೊಳ್ಳೋ ವ್ಯತ್ಯಾಸ ಇರ್ಲಿಲ್ಲ.

ಎರಡು, ಅದನ್ನ ಓದಿ ನಂಗೆ ಅನ್ಸಿದ್ದು: ನಮ್ಮ ಒಪಿಡೀಲಿ ಒಬ್ಬೊಬ್ಬ ಬಸುರಿಗೆ ಎಷ್ಟು ನಿಮಿಷ ಸಿಗತ್ತೆ? ಹೊಟ್ಟೆ ಅಳತೆ, ಬಿಪಿ, ಐರನ್ ಮಾತ್ರೆ, ನೆಕ್ಸ್ಟ್. ಬೆನ್ನು ನೋವು ಅಂತ ಬಾಯಿ ಬಿಡೋ ಹೊತ್ತಿಗೆ ಹಿಂದಿನವಳು ಕುರ್ಚಿ ಎಳ್ಕೊಂಡಿರ್ತಾಳೆ. ಒಬ್ರು ಮುಕ್ಕಾಲು ಗಂಟೆ ಕೂತು ಕೇಳಿ, ನೋವಿರೋ ಜಾಗದಲ್ಲಿ ಕೈ ಇಟ್ರೆ ಅರ್ಧ ನೋವು ಅಲ್ಲೇ ಇಳಿಯತ್ತೆ. ಹೆಂಗಸರು ಅಲ್ಲಿಗೆ ಯಾಕೆ ಹೋಗ್ತಾರೆ ಅಂತ ಬೈಯೋ ಡಾಕ್ಟರು ತಮ್ಮ ಒಪಿಡೀನ ಒಂದ್ಸಲ ನೋಡ್ಕೊಳ್ಳಲಿ.

ಗೊಜ್ಜವಲಕ್ಕಿ
ಅದೇ ಅಕ್ಕ! ನಾಟಕವೋ ನಿಜವೋ, ನಾನು ಮಗ್ಗುಲು ತಿರುಗಿದ್ದು ನಿಜ ತಾನೇ.

ಹಳೇಮೈಸೂರು_ಸೀಬೆ
ನಿಜ ಕಣಮ್ಮ, ಆದ್ರೆ ಹತ್ತು ಸಿಟ್ಟಿಂಗ್ ದುಡ್ಡು ಕೊಟ್ಟು ನಾಟಕ ನೋಡೋ ಬದ್ಲು ಗುಬ್ಬಿ ವೀರಣ್ಣ ರಂಗಮಂದಿರಕ್ಕೆ ಹೋಗಬಹುದಲ್ಲ, ನೂರಿನ್ನೂರಕ್ಕೆ ಮುಗಿಯತ್ತೆ.

ಗೊಜ್ಜವಲಕ್ಕಿ
ಏಳನೇ ತಿಂಗಳ ಹೊಟ್ಟೆ ಇಟ್ಕೊಂಡು ಆ ಕುರ್ಚಿಲಿ ಎರಡೂವರೆ ಗಂಟೆ ಕೂತು ನೋಡಿ, ಆಮೇಲೆ ಹೇಳಿ.

ಅಜ್ಜಿಮನೆ_ಅಟ್ಟ
ಬಾಣಂತನ ಸರಿಯಾಗಿ ಆಗಿದ್ರೆ ಇದ್ಯಾವ್ದೂ ಬೇಕಾಗಿರ್ಲಿಲ್ಲ ಅಂತ ನನ್ನ ಅಭಿಪ್ರಾಯ. ನನ್ನ ಅಮ್ಮ ಹರಳೆಣ್ಣೆ ಹಚ್ಚಿ, ಹಂಡೆ ನೀರನ್ನ ಸೊಂಟದ ಮೇಲೆ ಧಾರೆ ಕಟ್ಟಿದ ಹಾಗೆ ಸುರಿದು, ಸಾಂಬ್ರಾಣಿ ಹೊಗೆ ಹಾಕಿ, ಹಳೇ ನೂಲಿನ ಸೀರೆ ಹರಿದು ಹೊಟ್ಟೆ ಕಟ್ಟುತ್ತಿದ್ದರು. ನಮಗೆ ಯಾರಿಗೂ ಸೊಂಟ ನೋವು ಬರಲಿಲ್ಲ. ಈಗಿನವರು ಮೂರನೇ ತಿಂಗಳಿಗೆ ಲ್ಯಾಪ್‌ಟಾಪ್ ಹಿಡೀತಾರೆ.

ಸಾಗರದ_ಸೊಸೆ
ಅಮ್ಮಾ, ನಂಗೂ ಪೂರ್ತಿ ಬಾಣಂತನ ಆಗಿದೆ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಲೇಹ್ಯ ಎಲ್ಲ ಆಗಿದೆ. ಹೊಟ್ಟೇನೂ ಕಟ್ಟಿದ್ರು, ಉಸಿರು ಬಿಡೋಕೆ ಆಗದಷ್ಟು. ಆದ್ರೂ ನೋವಿದೆ. ಏನ್ ಮಾಡ್ಲಿ.

ಪಕ್ಕದ್ಮನೆ_ಫಿಸಿಯೋ
ಅಜ್ಜಿಮನೆಯವರು ಹೇಳಿದ್ರಲ್ಲಿ ಒಳ್ಳೇದೂ ಇದೆ. ಬಿಸಿನೀರು ಸ್ನಾಯು ಸಡಿಲ ಮಾಡತ್ತೆ, ವಿಶ್ರಾಂತಿ ಸಿಗತ್ತೆ, ಮನೆಕೆಲಸ ತಪ್ಪತ್ತೆ. ಹೊಟ್ಟೆ ಕಟ್ಟೋದೂ ಹದವಾಗಿದ್ರೆ ಏಳೋಕೆ ಕೂರೋಕೆ ಆಸರೆ. ಉಸಿರುಗಟ್ಟೋ ಹಾಗೆ ಬಿಗಿದ್ರೆ ಆ ಒತ್ತಡ ಎಲ್ಲಿಗೆ ಹೋಗ್ಬೇಕು? ಕೆಳಗೇ ಹೋಗತ್ತೆ, ಪೆಲ್ವಿಕ್ ಫ್ಲೋರ್ ಮೇಲೆ. ಅದು ಮೊದಲೇ ಹಿಗ್ಗಿ ಸೋತಿರತ್ತೆ. ಇನ್ನು "ಯಾರಿಗೂ ಬರಲಿಲ್ಲ" ಅನ್ನೋದು ನಂಗೆ ನಂಬಿಕೆ ಇಲ್ಲ. ಯಾರೂ ಹೇಳ್ಕೊಳ್ಳಲಿಲ್ಲ ಅಷ್ಟೇ. 70 ದಾಟಿದ ಅಜ್ಜಿಯರು ನನ್ನ ಹತ್ರ ಬಂದು "ಮೈ ಕೆಳಗೆ ಇಳಿದ ಹಾಗಾಗಿದೆ, ಮೂವತ್ತು ವರ್ಷದಿಂದ ಹಿಂಗೇ" ಅಂತಾರೆ, ಅದೂ ಸೊಸೆ ಆಚೆ ಹೋದ ಮೇಲೆ.

ಕಲಬುರ್ಗಿ_ಬಿಸಿಲು
ಖರೇ ಅದ. ಹೇಳ್ಕೊಂಡ್ರ ಇನ್ನೊಂದು ತ್ರಾಸು. ನಮ್ಮ ಕಡೆ ತಾಂಡಾದ ಹೆಣ್ಮಕ್ಳು ಬಿಳಿ ಹೋಗ್ತದ, ಸೊಂಟ ಹಿಡೀತದ ಅಂತ ದವಾಖಾನಿಗಿ ಹೋದ್ರ ಗರ್ಭಚೀಲನೇ ತೆಗ್ದು ಕಳ್ಸಿದ್ರು. ವಯಸ್ಸು ನೋಡಿದ್ರ ಮೂವತ್ತೈದೂ ಇಲ್ಲ. 2015ರ ಸುಮಾರಿಗೆ ಅದು ದೊಡ್ಡ ಗದ್ದಲ ಆಗಿ ತನಿಖಿ ಆಯ್ತು. ಹಂಗ ತೆಗೆಸ್ಕೊಂಡವ್ರಿಗಿ ಈಗ ಮೂಳಿ ಸವದು ಬೆನ್ನ ಬ್ಯಾನಿ ಮತ್ತ ಜಾಸ್ತಿ. ಅದಕ್ಕ ನಾ ಅಂತೀನಿ, ಸೊಂಟಾ ಒತ್ತೋರು ಏನ್ ಮಾಡಿದ್ರೂ ಕತ್ರಿ ಹಿಡಿಯೋರಿಗಿಂತ ಕಮ್ಮಿ ಹಾನಿ.

ರಾತ್ರಿಪಾಳಿ
ಬಿಸಿಲಕ್ಕ ಹೇಳಿದ್ದು ಸರಿ. ಅಂಡಾಶಯನೂ ಜೊತೆಗೆ ತೆಗೆದ್ರೆ ಅವತ್ತಿಂದಲೇ ಮೆನೋಪಾಸ್, ಮೂಳೆ ಸವೆಯೋದು ಬೇಗ ಶುರು. ಆದ್ರೆ "ಕಮ್ಮಿ ಹಾನಿ" ಅಂತ ಕಣ್ಣುಮುಚ್ಚಿ ಹೋಗ್ಬೇಡಿ. ಸವೆದ ಮೂಳೆ ಮೇಲೆ ಜೋರಾಗಿ ಝಟಕಾ ಕೊಟ್ರೆ ಬೆನ್ನುಮೂಳೆ ಕುಸಿಯಬಹುದು. ಕುತ್ತಿಗೆ ತಿರುಗಿಸಿ ಲಟಕ್ ಅನ್ನಿಸೋದ್ರಲ್ಲಿ ಅಪರೂಪಕ್ಕಾದ್ರೂ ರಕ್ತನಾಳ ಸೀಳಿ ಸ್ಟ್ರೋಕ್ ಆಗಿರೋದುಂಟು. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು, ಕ್ಯಾನ್ಸರ್ ಆಗಿದ್ದೋರು ಮೊದಲೇ ಹೇಳ್ಬೇಕು.

ಕುಡ್ಲದ_ಬಂಗುಡೆ
ಸೆಲೂನಲ್ಲಿ ಕಟಿಂಗ್ ಆದ್ಮೇಲೆ ಫ್ರೀಯಾಗಿ ಕುತ್ತಿಗೆ ತಿರುಗಿಸ್ತಾರಲ್ಲ, ಅದೂ ಡೇಂಜರಾ?

ಪಕ್ಕದ್ಮನೆ_ಫಿಸಿಯೋ
ಹೌದು. ಬೇಡ ಅನ್ನಿ. ಟಿಪ್ಸ್ ಕೊಟ್ಟು ಬೇಡ ಅನ್ನಿ.

ಚಾಲೆಂಜ್_ಮಂಜ
ಫಿಸಿಯೋ ಮೇಡಂ, ನೀವು ಹೆಸರಿನ ಹಿಂದೆ ಡಾಕ್ಟರ್ ಹಾಕ್ಕೊತೀರಾ? ಹೋದ ಸಲ ಅದೇನೋ ಗಲಾಟೆ ಆಯ್ತಲ್ಲ.

ಪಕ್ಕದ್ಮನೆ_ಫಿಸಿಯೋ
2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವಾ ನಿರ್ದೇಶನಾಲಯ "ಫಿಸಿಯೋಗಳು ಡಾಕ್ಟರ್ ಅಂತ ಹಾಕ್ಕೋಬಾರ್ದು" ಅಂತ ಪತ್ರ ಬರೀತು, ಮಾರನೇ ದಿನವೇ ವಾಪಸ್ ತಗೊಂತು. ನಾನು ಹಾಕ್ಕೊಳ್ಳಲ್ಲ. ಹಾಕ್ಕೊಳ್ಳೋರ ಜೊತೆ ಜಗಳನೂ ಆಡಲ್ಲ. ನಿಮ್ಮ ಸೊಂಟಕ್ಕೆ ಅದ್ರಿಂದ ಏನೂ ವ್ಯತ್ಯಾಸ ಆಗಲ್ಲ.

ಆ ಹುಡುಗಿ ವಿಷಯ ಬಾಕಿ ಇತ್ತು. ಮುಟ್ಟಿನ ನೋವು ಯಾಕೆ ಬರತ್ತೆ ಅಂದ್ರೆ ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಾಗ್ಲಾಂಡಿನ್ ಅನ್ನೋ ರಾಸಾಯನಿಕ ಹೆಚ್ಚಾಗಿ ಗರ್ಭಕೋಶ ಗಟ್ಟಿಯಾಗಿ ಹಿಂಡತ್ತೆ. ಮೆಫೆನಾಮಿಕ್ ಆಸಿಡ್, ಐಬುಪ್ರೊಫೇನ್ ಥರದ ಮಾತ್ರೆ ಕೆಲಸ ಮಾಡೋದೇ ಆ ರಾಸಾಯನಿಕ ಕಮ್ಮಿ ಮಾಡಿ. ತುಂಬಾ ಹುಡುಗಿಯರು ನೋವು ತಡೆಯೋಕಾಗದೆ ಇದ್ದಾಗ ಕೊನೇಗೆ ನುಂಗ್ತಾರೆ, ಅಷ್ಟೊತ್ತಿಗೆ ತಡ ಆಗಿರತ್ತೆ. ಡಾಕ್ಟರ್ ಹತ್ರ ಕೇಳಿ ಸರಿಯಾದ ಡೋಸ್‌ನ ನೋವು ಶುರುವಾಗ್ತಿದ್ದ ಹಾಗೇ, ಹೊಟ್ಟೆ ತುಂಬಿರುವಾಗ ತಗೋಬೇಕು. ಬಿಸಿನೀರಿನ ಚೀಲಕ್ಕೂ ಒಳ್ಳೇ ಆಧಾರ ಇದೆ. ವ್ಯಾಯಾಮಕ್ಕೂ ಇದೆ. ಆಸ್ಟಿಯೋಪತಿಗೆ? ಒಂದೆರಡು ಸಣ್ಣ ಅಧ್ಯಯನ ಇವೆ, ಅದರ ಮೇಲೆ ಪ್ಯಾಕೇಜ್ ಮಾರೋ ಅಷ್ಟು ಗಟ್ಟಿ ಇಲ್ಲ.

ಹಳೇಮೈಸೂರು_ಸೀಬೆ
ಮತ್ತೆ ಆ ಹುಡುಗಿ ಪ್ರತೀ ತಿಂಗಳೂ ಹಾಸಿಗೆ ಹಿಡೀತಾಳೆ ಅಂದ್ರೆ ಸ್ತ್ರೀರೋಗ ತಜ್ಞೆಗೆ ತೋರಿಸಲೇಬೇಕು. ಎಂಡೊಮೆಟ್ರಿಯೋಸಿಸ್ ಇರಬಹುದು, ಅಂದ್ರೆ ಗರ್ಭಕೋಶದ ಒಳಪದರದಂಥದ್ದೇ ಗರ್ಭಕೋಶದ ಆಚೆ ಬೆಳೆಯೋ ಕಾಯಿಲೆ. ನಂಗೆ ಇತ್ತು. ಕಾಲೇಜಿನಿಂದ ಶುರುವಾದ ನೋವಿಗೆ ಹೆಸರು ಸಿಕ್ಕಿದ್ದು ಮದ್ವೆ ಆಗಿ ಮಕ್ಕಳಾಗಲಿಲ್ಲ ಅಂತ ಟೆಸ್ಟ್ ಮಾಡಿಸೋಕೆ ಹೋದಾಗ. ಅಲ್ಲಿವರೆಗೂ "ಎಲ್ಲರಿಗೂ ಆಗತ್ತೆ", "ಮದ್ವೆ ಆದ್ರೆ ಸರಿಹೋಗತ್ತೆ". ಮಧ್ಯದಲ್ಲಿ ಒಬ್ಬ ಪುಣ್ಯಾತ್ಮ ಬೆನ್ನುಮೂಳೆ ಓರೆ ಆಗಿದೆ, ಅದಕ್ಕೇ ಮುಟ್ಟಿನ ನೋವು ಅಂತ ಹೇಳಿ ತಿಂಗಳುಗಟ್ಟಲೆ ಒತ್ತಿದ. ಅದಕ್ಕೇ ನಂಗೆ ಈ ಪ್ಯಾಕೇಜ್‌ನವರನ್ನ ಕಂಡ್ರೆ ಮೈ ಉರಿಯೋದು.

ಗೊಜ್ಜವಲಕ್ಕಿ
ಸೀಬೆ ಅಕ್ಕ, ಅದು ಗೊತ್ತಿರ್ಲಿಲ್ಲ. ಈಗ ಹೇಗಿದೀರಾ?

ಹಳೇಮೈಸೂರು_ಸೀಬೆ
ಆಪರೇಷನ್ ಆಯ್ತು, ಈಗ ಪರವಾಗಿಲ್ಲ. ಒಬ್ಳು ಮಗಳಿದಾಳೆ, ನಿನ್ನ ಹಾಗೇ ಬಾಯಿ ಜೋರು.

ರಾತ್ರಿಪಾಳಿ
ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ಮಕ್ಕಳಾಗೋ ವಯಸ್ಸಿನ ಹೆಂಗಸರಲ್ಲಿ ಸುಮಾರು 100ಕ್ಕೆ 10 ಜನಕ್ಕೆ ಎಂಡೊಮೆಟ್ರಿಯೋಸಿಸ್ ಇರತ್ತೆ. ಮಾತ್ರೆಗೆ ಬಗ್ಗದ ನೋವು, ಮುಟ್ಟಿಲ್ಲದ ದಿನಗಳಲ್ಲೂ ನೋವು, ಆ ದಿನಗಳಲ್ಲಿ ಮಲವಿಸರ್ಜನೆ ಮಾಡುವಾಗ ನೋವು ಇದ್ರೆ ಸುಮ್ನಿರ್ಬೇಡಿ. ಒಂದು ಸ್ಕ್ಯಾನ್ ನಾರ್ಮಲ್ ಬಂತು ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ.

ಧಾರವಾಡ_ಪೇಡಾ
ನಮ್ಮ ಆಫೀಸಿನ್ಯಾಗ ಈ ಮುಟ್ಟಿನ ರಜಾ ಬಂದಮ್ಯಾಲ ಒಂದು ಮಜಾ ಆಗೇದ. 2025ರ ಅಕ್ಟೋಬರಿನ್ಯಾಗ ಸರಕಾರ ವರ್ಷಕ್ಕ 12 ದಿನಾ ಅಂತ ಒಪ್ಪಿತಲ್ರೀ, ರಜಾ ಹಾಕಿದ್ರ ಮ್ಯಾನೇಜರ್ ಮಾರಿ ಕೆಂಪಗ ಮಾಡ್ಕೊಂಡು "ಆತು ಆತು" ಅಂತಾರ, ಕಣ್ಣ ಎತ್ತಿ ನೋಡಂಗಿಲ್ಲ.

ಚಾಲೆಂಜ್_ಮಂಜ
ಗಂಡಸರಿಗೂ ಬೆನ್ನು ನೋವಿನ ರಜೆ ಬೇಕು.

ಕುಡ್ಲದ_ಬಂಗುಡೆ
ನಿಮಗೆ ಒನಕೆ ಉಂಟು.

ಅಜ್ಜಿಮನೆ_ಅಟ್ಟ
ರಜೆ ವಿಷಯಕ್ಕೆ ಬೇರೆ ಎಳೆ ಇದೆ. ಅಲ್ಲ, ಯಾರೂ ಮುಟ್ಟು ನಿಂತವರ ಬಗ್ಗೆ ಹೇಳಲಿಲ್ಲವಲ್ಲ? ಅತ್ತೆಗೆ ಬರೀ ಸ್ಕ್ಯಾನ್ ಅಂದುಬಿಟ್ರಿ. ನನಗೆ 58, ಭುಜ ಎತ್ತೋಕೆ ಆಗಲ್ಲ, ಜಡೆ ಹಾಕೋಕೆ ಆಗಲ್ಲ, ರಾತ್ರಿ ಬೆವರು.

ಪಕ್ಕದ್ಮನೆ_ಫಿಸಿಯೋ
ಅಮ್ಮಾ, ಅದು ಗಂಟುಬಿದ್ದ ಭುಜ, ಫ್ರೋಜನ್ ಶೋಲ್ಡರ್ ಅಂತಾರಲ್ಲ, ಅದಿರಬಹುದು. ಈ ವಯಸ್ಸಿನ ಹೆಂಗಸರಲ್ಲಿ ಜಾಸ್ತಿ, ಸಕ್ಕರೆ ಕಾಯಿಲೆ ಇದ್ರೆ ಇನ್ನೂ ಜಾಸ್ತಿ. ಸಕ್ಕರೆ ಪರೀಕ್ಷೆ ಮಾಡಿಸಿದೀರಾ? ಇಲ್ಲಿ ಕೈಚಿಕಿತ್ಸೆ, ವ್ಯಾಯಾಮ ಎರಡೂ ನಿಧಾನಕ್ಕೆ ಕೆಲಸ ಮಾಡತ್ತೆ. ಬಲವಂತವಾಗಿ ಎಳೆದು ಬಿಡಿಸೋಕೆ ಬಂದ್ರೆ ಬಿಡಬೇಡಿ.

ನಮ್ಮ ಹೆಂಗಸರಿಗೆ ಮುಟ್ಟು ನಿಲ್ಲೋದು ಸರಾಸರಿ 46–47ಕ್ಕೆ, ಪಶ್ಚಿಮದವರಿಗೆ 51ರ ಹತ್ತಿರ. ಅಂದ್ರೆ ಮೂಳೆ ಸವೆಯೋದಕ್ಕೆ ನಮಗೆ ನಾಲ್ಕೈದು ವರ್ಷ ಮೊದಲೇ ಪರವಾನಗಿ ಸಿಕ್ಕಿಬಿಡತ್ತೆ. ಬೆವರಿಗೆ, ನಿದ್ದೆ ಕೆಡೋದಕ್ಕೆ ಬೆನ್ನು ಒತ್ತಿಸಿದ್ರೆ ಆ ಗಂಟೆ ಹಾಯಾಗಿರಬಹುದು, ಹಾರ್ಮೋನ್ ಅಂತೂ ವಾಪಸ್ ಬರಲ್ಲ. ಅದಕ್ಕೆ ಸ್ತ್ರೀರೋಗ ತಜ್ಞರ ಹತ್ರ ಮಾತಾಡಿ, ಒಳ್ಳೇ ಔಷಧಿ ಇದೆ. ಮೂಳೆಗೆ ಬೇಕಾಗಿರೋದು ಭಾರ: ನಡಿಗೆ, ಮೆಟ್ಟಿಲು, ತೂಕ ಎತ್ತೋದು.

ಅಜ್ಜಿಮನೆ_ಅಟ್ಟ
ತೂಕ ಎತ್ತೋದಾ? ಈ ವಯಸ್ಸಲ್ಲಿ ಜಿಮ್ಮಾ?

ಪಕ್ಕದ್ಮನೆ_ಫಿಸಿಯೋ
ಎರಡು ಲೀಟರ್ ನೀರಿನ ಬಾಟಲಿ ಸಾಕು, ಭುಜ ಸರಿ ಆದ್ಮೇಲೆ. ಸೀರೆ ಉಟ್ಕೊಂಡೇ ಮಾಡಿ, ಯಾರು ಬೇಡ ಅಂದ್ರು.

ಲೆಸ್ಟರ್_ಕನ್ನಡತಿ
ಸಾಗರದ ಸೊಸೆಯವರೇ, ಹೋಗಲೇಬೇಕು ಅನ್ಸಿದ್ರೆ ದುಡ್ಡು ಕಟ್ಟೋ ಮೊದಲು ಕೇಳಿ: ಎಲ್ಲಿ ಓದಿದ್ದು, ಎಷ್ಟು ವರ್ಷ, ಫಿಸಿಯೋ ಅಥವಾ ವೈದ್ಯಕೀಯ ಪದವಿ ಇದ್ಯಾ, ಹೆಂಗಸರೇ ನೋಡ್ತಾರಾ, ಜೊತೆಗೆ ಯಾರಾದ್ರೂ ಕೂರಬಹುದಾ. ಭಾರತದಲ್ಲೂ ಪದವಿ ಮಟ್ಟದಲ್ಲಿ ಕಲಿಸ್ತಾರೆ, ಒಡಿಶಾದ ಕಟಕ್ ಹತ್ರ ಶ್ರೀ ಶ್ರೀ ವಿಶ್ವವಿದ್ಯಾಲಯದಲ್ಲಿ ವಿಭಾಗ ಇದೆ. ಆದ್ರೆ ಬೋರ್ಡ್ ಹಾಕಿರೋರೆಲ್ಲ ಅಲ್ಲೇ ಓದಿರ್ತಾರೆ ಅಂತಿಲ್ಲ. ಮತ್ತೆ "ತಲೆಬುರುಡೆ ಮೂಳೆ ಮೆಲ್ಲಗೆ ಸರಿಸಿ ಹಾರ್ಮೋನ್ ಸಮತೋಲನ ಮಾಡ್ತೀವಿ" ಅಂತ ಶುರು ಮಾಡಿದ್ರೆ ಚಪ್ಪಲಿ ಹಾಕ್ಕೊಂಡು ಬನ್ನಿ. ಅದಕ್ಕೆ ಆಧಾರ ಇಲ್ಲ, ಇಲ್ಲಿ ಇಂಗ್ಲೆಂಡಲ್ಲೂ ಅದನ್ನ ಮಾರೋರು ಇದಾರೆ.

ಕಲಬುರ್ಗಿ_ಬಿಸಿಲು
ಒಳಗ ಕೈ ಹಾಕಿ ನೋಡ್ತೀವಿ ಅಂದ್ರ?

ಪಕ್ಕದ್ಮನೆ_ಫಿಸಿಯೋ
ಪೆಲ್ವಿಕ್ ಫ್ಲೋರ್ ಪರೀಕ್ಷೆಗೆ ತರಬೇತಿ ಆದ ಫಿಸಿಯೋಗಳು ಕೆಲವೊಮ್ಮೆ ಒಳಪರೀಕ್ಷೆ ಮಾಡ್ತಾರೆ. ಆದ್ರೆ ಯಾಕೆ ಅಂತ ಮೊದಲೇ ವಿವರಿಸಿ, ಒಪ್ಪಿಗೆ ಬರೆಸಿಕೊಂಡು, ಗ್ಲೌಸ್ ಹಾಕಿ. ಬೇಡ ಅಂದ್ರೆ ಅಲ್ಲಿಗೆ ಮುಗೀತು, ಮುಖ ಸಿಂಡರಿಸೋ ಹಂಗಿಲ್ಲ. ಬೆನ್ನು ನೋವಿಗೆ ಅಂತ ಹೋದಾಗ ಹೇಳದೆ ಕೇಳದೆ ಮಾಡೋಕೆ ಬಂದ್ರೆ ಎದ್ದು ಬನ್ನಿ, ದೂರು ಕೊಡಿ.

ಸಾಗರದ_ಸೊಸೆ
ಎಲ್ಲರಿಗೂ ಥ್ಯಾಂಕ್ಸ್. ಪ್ಯಾಕೇಜ್ ಬೇಡ ಅಂತ ಫೋನ್ ಮಾಡಿ ಹೇಳ್ದೆ. "ಮೇಡಂ ಹಾಗಾದ್ರೆ ಐದು ಸಿಟ್ಟಿಂಗ್ ಮಾಡ್ಕೊಡ್ತೀವಿ" ಅಂತಾರೆ, ತರಕಾರಿ ಗಾಡಿ ಥರ. ನಂಗೆ ಹತ್ತಿರದಲ್ಲೇ ಪೆಲ್ವಿಕ್ ಫ್ಲೋರ್ ಕಲಿಸೋ ಫಿಸಿಯೋ ಸಿಕ್ಕಿದಾರೆ, ಗುರುವಾರ ಹೋಗ್ತೀನಿ. ಆ ವ್ಯಾಯಾಮ ಮಾಡೋವಾಗ ಯಾವ ಸ್ನಾಯು ಹಿಡೀಬೇಕು ಅಂತಲೇ ಗೊತ್ತಾಗ್ತಿಲ್ಲ, ಯಾರಾದ್ರೂ ಬಿಡಿಸಿ ಹೇಳ್ತೀರಾ?

ಪಕ್ಕದ್ಮನೆ_ಫಿಸಿಯೋ
ನಾಲ್ಕು ಜನ ಕೂತಿರೋವಾಗ ಗ್ಯಾಸ್ ತಡ್ಕೊಳ್ಳೋ ಹಾಗೆ ಹಿಂದಿಂದ ಮುಂದಕ್ಕೆ ಒಳಗೆ ಎಳ್ಕೊಳ್ಳಿ. ಹೊಟ್ಟೆ, ತೊಡೆ, ಪೃಷ್ಠ ಬಿಗಿಯಾಗಬಾರ್ದು, ಉಸಿರು ಕಟ್ಟಬಾರ್ದು. ಎಷ್ಟು ಹಿಡಿದ್ರೋ ಅಷ್ಟೇ ಹೊತ್ತು ಪೂರ್ತಿ ಬಿಡಬೇಕು, ಬಿಡೋದನ್ನ ಎಲ್ಲರೂ ಮರೀತಾರೆ. ಮೂತ್ರ ಮಾಡೋವಾಗ ಮಧ್ಯೆ ನಿಲ್ಲಿಸಿ ಅಭ್ಯಾಸ ಮಾಡ್ಬೇಡಿ. ಸೀನು ಬರ್ತಿದೆ ಅನ್ಸಿದ ಕ್ಷಣ ಮೊದಲೇ ಬಿಗಿ ಹಿಡೀರಿ, ಅದೊಂದರಿಂದಲೇ ವ್ಯತ್ಯಾಸ ಕಾಣತ್ತೆ. ಮಗು ಎತ್ತೋವಾಗಲೂ ಹಾಗೇ, ಉಸಿರು ಬಿಡ್ತಾ ಏಳಿ.

ಕಾಲು ಪೂರ್ತಿ ಜೋಮು ಹಿಡಿದ್ರೆ, ಕೂರೋ ಜಾಗದಲ್ಲಿ ಸ್ಪರ್ಶವೇ ಗೊತ್ತಾಗದಿದ್ರೆ, ಮೂತ್ರ ಕಟ್ಟಿದ್ರೆ ಮಾತ್ರ ಗುರುವಾರ ಕಾಯ್ಬೇಡಿ, ಆಸ್ಪತ್ರೆಗೆ ಹೋಗಿ.

ಸಾಗರದ_ಸೊಸೆ
ಅದ್ಯಾವುದೂ ಇಲ್ಲ. ಅತ್ತೆಗೆ ಶನಿವಾರ ಡೆಕ್ಸಾ ಬುಕ್ ಮಾಡಿದೀನಿ. "ಎಳೆಸಲ್ವಾ, ಬರೀ ಫೋಟೋನಾ" ಅಂತ ಮುನಿಸ್ಕೊಂಡಿದಾರೆ.

ರಾತ್ರಿಪಾಳಿ
ಹಿಂದಿನ ದಿನದಿಂದ ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಿ, ಹೊಟ್ಟೇಲಿ ಕರಗದ ಮಾತ್ರೆ ಚಿತ್ರದಲ್ಲಿ ಮೂಳೆ ಥರ ಕಾಣತ್ತೆ. ಪಿನ್ನು, ಹುಕ್ಕು, ಸೊಂಟದ ಬೀಗದ ಕೈ ಗೊಂಚಲು ಎಲ್ಲ ತೆಗೆಸಿ. ರಿಪೋರ್ಟಲ್ಲಿ ಟಿ-ಸ್ಕೋರ್ (ಮೂಳೆ ಸಾಂದ್ರತೆಯ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ರೆ ಆಸ್ಟಿಯೋಪೊರೋಸಿಸ್, ಅಂದ್ರೆ ಮೂಳೆ ಸವೆತದ ಕಾಯಿಲೆ. ಬೆನ್ನು ಬಾಗಿದೆ ಅಂತ ಬೇರೆ ಹೇಳಿದೀರಿ, ಎತ್ತರ ಕಮ್ಮಿ ಆಗಿದ್ಯಾ ಕೇಳಿ. ಆಗಿದ್ರೆ ಬೆನ್ನಿನ ಎಕ್ಸ್‌ರೇ ಬೇಕಾ ಅಂತ ಡಾಕ್ಟರನ್ನೇ ಕೇಳಿ, ಮುರಿದಿದ್ದೇ ಗೊತ್ತಾಗದೆ ಓಡಾಡ್ತಿರೋ ಅಮ್ಮಂದಿರು ಬೇಕಾದಷ್ಟು ಜನ ಇದಾರೆ.

ಸಾಗರದ_ಸೊಸೆ
ಎತ್ತರ ಹೆಂಗೆ ಗೊತ್ತಾಗತ್ತೆ, ಅವರದ್ದು ಯಾರೂ ಅಳೆದೇ ಇಲ್ವಲ್ಲ.

ಕುಡ್ಲದ_ಬಂಗುಡೆ
ಪಾಸ್‌ಪೋರ್ಟ್, ಹಳೇ ಇನ್ಶೂರೆನ್ಸ್ ಫಾರಂ ಏನಾದ್ರೂ ಉಂಟಾ ನೋಡಿ. ಇಲ್ಲದಿದ್ರೆ ಮೊದಲು ಕೈಗೆ ಸಿಗ್ತಿದ್ದ ಶೆಲ್ಫ್ ಈಗ ಸಿಗುದಿಲ್ವಾ ಅಂತ ಕೇಳಿ.

ಸಾಗರದ_ಸೊಸೆ
ಅಯ್ಯೋ. ಉಪ್ಪಿನಕಾಯಿ ಭರಣಿ ಇಳಿಸಿಕೊಡು ಅಂತ ಈಗ ಎರಡು ವರ್ಷದಿಂದ ನನ್ನೇ ಕರೀತಾರೆ. ಎಕ್ಸ್‌ರೇ ಕೂಡ ಕೇಳ್ತೀನಿ.